ತುಟಿ ಬಲ್ಲವಳು

ಹೇಳದೆ ಬರುವುದು ನನ್ನ ಕೆಲಸ.
ಆದರೂ ನೆಲ್ಸನ್ ಊರಿನ ಈ ವೃದ್ಧರ ಮನೆಗೆ
ನಾನು ಬರುವ ಸುದ್ದಿ ನನಗಿಂತ ಮೊದಲೇ ಬಂದು
ಕಾಲೊರೆಸಿಕೊಂಡು ಒಳಗೆ ಕೂತಿತ್ತು:
ಕಾರಿಡಾರಿನಲ್ಲಿ ನಿಂಬೆ ಫಿನಾಯಿಲಿನ ಘಮ,
ಹೂದಾನಿಯಲ್ಲಿ ಬೆಲೆಚೀಟಿ ಕೀಳದ ಡ್ಯಾಫೊಡಿಲ್.

ಮೊದಲು ಮೂಗು, ಆಮೇಲೆ ಕಣ್ಣು, ಕಾಗದ ಕೊನೆಗೆ.
ಹದಿನಾಲ್ಕು ವರ್ಷ ವಾರ್ಡಿನಲ್ಲಿ ದುಡಿದವಳ ಅಭ್ಯಾಸ.
ಉಗುರು ನೋಡುತ್ತೇನೆ. ಹಿಮ್ಮಡಿ ನೋಡುತ್ತೇನೆ.
ನೀರಿನ ಲೋಟ ಕೈಗೆ ಎಟುಕುತ್ತದೆಯೋ
ಬರೀ ಕಣ್ಣಿಗೋ.
ಕರೆಗಂಟೆಯ ದಾರವನ್ನು ಮೇಲೆತ್ತಿ
ಮೊಳೆಗೆ ಕಟ್ಟಿದ್ದಾರೆಯೋ.
ಕಟ್ಟಿಲ್ಲ. ಆದರೆ ದಾರದಲ್ಲಿ
ಈಗಷ್ಟೇ ಬಿಚ್ಚಿದ ಗಂಟಿನ ಸುಕ್ಕು.
ಬರೆದುಕೊಂಡೆ.

ಮ್ಯಾನೇಜರ್ ಮಿಸೆಸ್ ಕ್ರಾಬ್‌ಟ್ರೀ ಕಡತ ಚಾಚಿದರು.
ಅದರಲ್ಲಿ ಎಲ್ಲರೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದರು,
ಎಲ್ಲರೂ ಉಂಡಿದ್ದರು, ಎಲ್ಲರೂ ಒಂದೇ ಪೆನ್ನಿನಲ್ಲಿ,
ಒಂದೇ ಉಸಿರಿನಲ್ಲಿ.
ಮಾರ್ಚ್ ಮೂರರಂದು ತೀರಿಕೊಂಡ ಮಿಸ್ಟರ್ ಎಂಟ್ವಿಸಲ್ ಕೂಡ
ನಾಲ್ಕರ ಬೆಳಗ್ಗೆ ಅರ್ಧ ಬಟ್ಟಲು ಗಂಜಿ ಕುಡಿದಿದ್ದರು.

ಊಟದ ಹಾಲಿನ ಮೂಲೆಯಲ್ಲಿ ಆಲ್ಮಾ ಹಾರ್ಟ್ಲಿ, ತೊಂಬತ್ತೊಂದು.
ಕಿವಿ ಎರಡನ್ನೂ ಗಿರಣಿಗೆ ಕೊಟ್ಟು ಬಂದವಳು.
ಹದಿನೈದಕ್ಕೇ ಸೇರಿದ್ದು. ಆ ಮಗ್ಗಗಳ ಗದ್ದಲದಲ್ಲಿ
ಕೂಗಿದರೆ ಯಾರಿಗೆ ಕೇಳೀತು?
ಗೆಳತಿಯರು ತುಟಿಯಲ್ಲೇ ಮಾತಾಡುತ್ತಿದ್ದರಂತೆ,
ದನಿಯಿಲ್ಲದೆ, ಇಡೀ ಮುಖ ಹಿಗ್ಗಿಸಿ:
ಯಾರ ಗಂಡ ಕುಡಿದು ಬಂದ, ಯಾರಿಗೆ ತಿಂಗಳು ನಿಂತಿತು,
ಮೇಸ್ತ್ರಿ ಯಾವ ಸಾಲಿನಲ್ಲಿ ಬರುತ್ತಿದ್ದಾನೆ.

ನನ್ನ ಪ್ರಶ್ನೆ ಅವಳಿಗೆ ತೋರಿಸಿದೆ:
ನಿಮ್ಮನ್ನಿಲ್ಲಿ ಗೌರವದಿಂದ ಕಾಣುತ್ತಾರೆಯೇ?
ಯಾವಾಗಲೂ, ಬಹುತೇಕ, ಕೆಲವೊಮ್ಮೆ, ಎಂದೂ ಇಲ್ಲ.
ಆಲ್ಮಾ ನನ್ನ ಹೆಗಲಿನಾಚೆ, ಆಫೀಸಿನ ಗಾಜಿನತ್ತ ನೋಡುತ್ತ
ಅಂದಳು:
"ನಾಲ್ಕು ಗಂಟೆಗೆ ನೀನು ತೊಲಗುತ್ತೀಯಂತೆ.
ಅಲ್ಲೀತನಕ ಹಲ್ಲು ಬಿಡಿ ಅಂತಿದಾಳೆ."

ತಿರುಗಿದೆ. ಗಾಜಿನ ಹಿಂದೆ ಫೋನು ಹಿಡಿದ
ಮಿಸೆಸ್ ಕ್ರಾಬ್‌ಟ್ರೀ ನನ್ನತ್ತ ಕೈಬೀಸಿದರು.
ಹಲ್ಲು ಚೆನ್ನಾಗಿದ್ದವು.

ಇದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?
ಸಾಕ್ಷ್ಯ: ಒಂದು ಜೊತೆ ತುಟಿ.
ಓದಿ ಹೇಳಿದವಳು: ಕಿವುಡಿ.

"ಬರೀ ಕೆಟ್ಟದ್ದನ್ನೇ ಗೀಚಬೇಡ." ಆಲ್ಮಾ ನನ್ನ ಪೆನ್ನು ಹಿಡಿದಳು.
"ರಾತ್ರಿಪಾಳಿಗೆ ಒಬ್ಬಳು ಬರ್ತಾಳೆ, ರುಟೆಂಡೊ, ಜಿಂಬಾಬ್ವೆಯವಳು.
ನನ್ನೆದುರು ಕೋಣೇಲಿ ಮಾತೇ ಮರೆತ ಮುದುಕ.
ಅವನ ಒದ್ದೆ ಬದಲಿಸುವಾಗ
ಉಳಿದವರಿಗೆ ಎಚ್ಚರವಾದೀತು ಅಂತ ದನಿ ತೆಗೆಯೋದಿಲ್ಲ.
ತುಟಿ ಮಾತ್ರ ಆಡ್ತಾನೇ ಇರತ್ತೆ:
ಈಗ ಹೊರಳಿಸ್ತೀನಿ. ಕೈ ತಣ್ಣಗಿದೆ, ಬೈಕೋಬೇಡ.
ಹೊರಗೆ ಹಿಮ ಬೀಳ್ತಿದೆ, ನಿನಗೇನಪ್ಪಾ, ನೀನು ರಾಜ.
ಅವನಿಗೆ ಕೇಳೋದಿಲ್ಲ. ಅವಳಿಗೂ ಗೊತ್ತು.
ನಾನು ನೋಡ್ತಿರೋದು ಗೊತ್ತಿಲ್ಲ.
ನಾನು ನೋಡ್ಕೊಂಡಿದ್ದು ಆರು ಮಗ್ಗ. ಅವಳಿಗೆ ಹತ್ತೊಂಬತ್ತು ಹಾಸಿಗೆ.
ನೂಲು ಕಡಿಯದೆ ಇರತ್ತಾ, ನೀನೇ ಹೇಳು."

ಸಿಬ್ಬಂದಿಯ ಸಂಖ್ಯೆಗೆ ಚೌಕವಿತ್ತು.
ಬೆನ್ನಿನ ಹುಣ್ಣಿಗೆ, ಜಾರಿ ಬಿದ್ದದ್ದಕ್ಕೆ, ಕಳೆದ ಹಲ್ಲುಸೆಟ್ಟಿಗೆ ಚೌಕವಿತ್ತು.
ಕೇಳದವನಿಗೆ ಆಡುವ ಮಾತಿಗೆ ಇರಲಿಲ್ಲ.
ಅಂಚಿನಲ್ಲಿ ಬರೆದೆ,
ಮೇಲಧಿಕಾರಿಗೆ ಓದಲಾಗದಷ್ಟು ಸಣ್ಣಗೆ.

ನಾಲ್ಕಕ್ಕೆ ಹೊರಬಿದ್ದೆ. ಪೆಂಡಲ್ ಗುಡ್ಡದ ಮೇಲೆ ಮೋಡ ಕೂತಿತ್ತು.
ಕಾರು ಹತ್ತಿ ನೋಡಿದರೆ ಕಿಟಕಿಯಲ್ಲಿ ಆಲ್ಮಾ:
ತುಟಿ ಅಗಲಿಸಿ, ಮುಚ್ಚಿ, ಮತ್ತೆ ಅಗಲಿಸಿ.
ನನಗೆ ಆ ಲಿಪಿ ಬಾರದು.
ಕನ್ನಡಿಯಲ್ಲಿ ನನ್ನ ತುಟಿಯನ್ನು ಅದೇ ಆಕಾರಕ್ಕೆ ತಂದೆ,
ಒಂದು ಸಲ, ಎರಡು ಸಲ. ಬರ್ನ್ಲಿ ರಸ್ತೆಯ ಸಿಗ್ನಲಿನಲ್ಲಿ
ಪಕ್ಕದ ಲಾರಿಯವನು ನಕ್ಕ.
ಮೂರನೆಯ ಸಲಕ್ಕೆ ತಿಳಿಯಿತು:
ರಾತ್ರಿ ಬಾ.

ಎರಡು ಗಂಟೆ ಹತ್ತು ನಿಮಿಷ. ಕಂಕುಳಲ್ಲಿ ಕಡತ.
ಬಾಗಿಲಿನ ಗಂಟೆ ಒತ್ತಿ ಎಣಿಸುತ್ತಿದ್ದೇನೆ.
ನಲವತ್ತು. ನಲವತ್ತೊಂದು.
ಮಹಡಿಯ ಮೇಲೆ ಒಂದು ದೀಪ ನಡೆದಾಡುತ್ತಿದೆ.
ಅರ್ಧಕ್ಕೆ ಬಿಟ್ಟು ಬರಬೇಡ ತಾಯಿ ಅವನನ್ನು,
ಮೈ ಒರೆಸಿಯೇ ಬಾ,
ಎನ್ನುತ್ತಿದ್ದೇನೆ, ದನಿಯಿಲ್ಲದೆ,
ಬಾಗಿಲಿನ ಗಾಜಿಗೆ.